ಬೂದಿ ಯಾಕೆ ಬೀಳಲಿಲ್ಲ? ಜ್ವಾಲಾಮುಖಿಯ ಕಣಗಳು ಉಂಡೆಗಟ್ಟುವ ಲೆಕ್ಕ

2025ರ ನವೆಂಬರ್ 23ರಂದು ಇಥಿಯೋಪಿಯಾದ ಅಫಾರ್ ಪ್ರದೇಶದಲ್ಲಿ ಹೈಲಿ ಗುಬ್ಬಿ ಎಂಬ ಜ್ವಾಲಾಮುಖಿ ಸಿಡಿಯಿತು. ಗುಬ್ಬಿ ಅಂದ ಕೂಡಲೇ ತುಮಕೂರು ನೆನಪಾಗೋದು ಸಹಜ, ಆದರೆ ಇದು ಬೇರೆ ಗುಬ್ಬಿ. ಕಳೆದ ಹತ್ತು ಸಾವಿರ ವರ್ಷಗಳಲ್ಲಿ ಅದು ಸಿಡಿದ ದಾಖಲೆಯೇ ಇರಲಿಲ್ಲ. ಬೂದಿಯ ಕಂಬ ಸುಮಾರು 14 ಕಿ.ಮೀ. ಎತ್ತರಕ್ಕೆ ಏರಿತು. ಅಲ್ಲಿಂದ ಯೆಮನ್, ಒಮಾನ್, ಅರಬ್ಬಿ ಸಮುದ್ರ ದಾಟಿ ಮರುದಿನವೇ ಗುಜರಾತ್, ರಾಜಸ್ಥಾನದ ಮೇಲೆ ಬಂದು, ರಾತ್ರಿ ದೆಹಲಿಯ ಆಕಾಶಕ್ಕೆ ತಲುಪಿತು. ಡಿಜಿಸಿಎ ವಿಮಾನ ಕಂಪನಿಗಳಿಗೆ ಎಚ್ಚರಿಕೆ ಕೊಟ್ಟಿತು, ಕೆಲವು ವಿಮಾನಗಳು ರದ್ದಾದವು. 25ರ ಹೊತ್ತಿಗೆ ಮೋಡ ಚೀನಾದ ಕಡೆ ಹೊರಟಿತ್ತು.

ಆ ಎರಡು ದಿನ ಟಿವಿಯಲ್ಲಿ ಏನೇನು ಓಡಿತು ಅಂತ ನಿಮಗೆ ಗೊತ್ತು. ಚಡಚಣದಿಂದ ನನ್ನ ಚಿಕ್ಕಪ್ಪನ ಮಗ ಫೋನ್ ಮಾಡಿದ. "ಅಣ್ಣಾ, ಬೂದಿ ಮಳಿ ಬರ್ತೈತಿ ಅನ್ನಾಕತ್ತಾರ. ದ್ರಾಕ್ಷಿ ಮ್ಯಾಲ ಬಿದ್ರ ಏನ್ ಮಾಡೋದು?" ಅವನ ಗಾಬರಿಗೆ ಕಾರಣ ಇತ್ತು. ಅಕ್ಟೋಬರ್ ಚಾಟ್ನಿ ಮುಗಿದು ಗೊನೆ ಬಿಡುವ ಹೊತ್ತು ಅದು. ಮೊದಲೇ ಬೂದಿ ರೋಗಕ್ಕೆ ಔಷಧ ಹೊಡೆದು ಹೊಡೆದು ಸಾಕಾಗಿರುವ ರೈತನಿಗೆ ಇನ್ನೊಂದು ಬೂದಿಯ ಸುದ್ದಿ ಬೇಕಿರಲಿಲ್ಲ. "ಏನೂ ಬೀಳಂಗಿಲ್ಲ, ಸುಮ್ಮಿರು" ಅಂದೆ. "ಯಾಕ ಬೀಳಂಗಿಲ್ಲ?" ಅಂದ.

ಪ್ರಶ್ನೆ ನ್ಯಾಯವಾದದ್ದೇ. ಯಾಕಂದ್ರೆ ಇದೇ ದಖ್ಖನ್ನಿನ ನೆಲದ ಮೇಲೆ ಒಂದು ಕಾಲಕ್ಕೆ ಎರಡು ಸಾವಿರ ಕಿ.ಮೀ. ಆಚೆಯ ಜ್ವಾಲಾಮುಖಿಯ ಬೂದಿ ನಿಜವಾಗಿಯೂ ಬಿದ್ದಿದೆ. ಒಂದು ಬೂದಿ ಯಾಕೆ ತಲೆಯ ಮೇಲೆ ಹಾದುಹೋಗುತ್ತದೆ, ಇನ್ನೊಂದು ಯಾಕೆ ಕೆಳಗಿಳಿಯುತ್ತದೆ? ಸಿಡಿತದ ಗಾತ್ರ, ಗಾಳಿಯ ದಿಕ್ಕು ಎರಡೂ ಮುಖ್ಯ. ಅಷ್ಟೇ ಮುಖ್ಯವಾದ, ಆದರೆ ಸುದ್ದಿಯಲ್ಲಿ ಎಂದೂ ಬಾರದ ಮೂರನೆಯ ಸಂಗತಿ ಒಂದಿದೆ: ಬೂದಿಯ ಕಣಗಳು ಆಕಾಶದಲ್ಲೇ ಒಂದಕ್ಕೊಂದು ಅಂಟಿ ಉಂಡೆಯಾಗುತ್ತವೋ ಇಲ್ಲವೋ ಎಂಬುದು.

ಬೂದಿ ಅಲ್ಲದ ಬೂದಿ

ಮೊದಲು ಪದದ ತಕರಾರು. ನಮ್ಮ ಭಾಷೆಯಲ್ಲಿ ಬೂದಿ ಅಂದರೆ ಸುಟ್ಟು ಉಳಿದದ್ದು. ಒಲೆಯ ಬೂದಿ ಮೆತ್ತಗಿರುತ್ತದೆ, ನೀರಿಗೆ ಹಾಕಿದರೆ ಅದರ ಕ್ಷಾರ ಕರಗುತ್ತದೆ. ಜ್ವಾಲಾಮುಖಿಯ ಬೂದಿ ಏನನ್ನೂ ಸುಟ್ಟು ಆದದ್ದಲ್ಲ. ಕರಗಿದ ಶಿಲೆಯೊಳಗೆ ಸಿಕ್ಕಿಕೊಂಡಿದ್ದ ಅನಿಲ ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ ಒಮ್ಮೆಗೇ ಹಿಗ್ಗಿ ಶಿಲೆಯನ್ನು ಚೂರು ಚೂರು ಮಾಡುತ್ತದೆ. ಆ ಚೂರುಗಳು ಗಾಳಿಯಲ್ಲಿ ತಟ್ಟನೆ ಆರಿ ಗಾಜಾಗುತ್ತವೆ. 2 ಮಿಲಿಮೀಟರಿಗಿಂತ ಸಣ್ಣ ಚೂರುಗಳನ್ನೆಲ್ಲ ಭೂವಿಜ್ಞಾನದಲ್ಲಿ ಬೂದಿ ಅಂತಲೇ ಕರೆಯುತ್ತಾರೆ. ಅಂದರೆ ಅದು ಗಾಜಿನ ಪುಡಿ, ಅಂಚು ಮೊನಚಾದ ಪುಡಿ.

ವಿಮಾನಕ್ಕೆ ಅದು ಶತ್ರುವಾಗೋದು ಇದೇ ಕಾರಣಕ್ಕೆ. ಜೆಟ್ ಎಂಜಿನ್ನಿನ ಬಿಸಿಯಲ್ಲಿ ಈ ಗಾಜು ಮತ್ತೆ ಕರಗಿ, ಒಳಗಿನ ಬ್ಲೇಡುಗಳ ಮೇಲೆ ಮೆತ್ತಿಕೊಳ್ಳುತ್ತದೆ. 1982ರ ಜೂನ್ 24ರಂದು ಇಂಡೋನೇಷ್ಯಾದ ಗಾಲುಂಗುಂಗ್ ಜ್ವಾಲಾಮುಖಿಯ ಮೋಡಕ್ಕೆ ನುಗ್ಗಿದ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ವಿಮಾನದ ನಾಲ್ಕೂ ಎಂಜಿನ್ ನಿಂತುಹೋದವು. ವಿಮಾನ ತೇಲುತ್ತ ಕೆಳಗಿಳಿದು ಮೋಡದಿಂದ ಹೊರಬಂದ ಮೇಲೆ ಎಂಜಿನ್‌ಗಳು ಮತ್ತೆ ಹೊತ್ತಿಕೊಂಡವು, ಜಕಾರ್ತದಲ್ಲಿ ಇಳಿಯಿತು. ಗಾಜು ಉಜ್ಜಿ ಮಬ್ಬಾಗಿದ್ದ ಕಿಟಕಿಯಿಂದ ಪೈಲಟ್‌ಗೆ ರನ್‌ವೇ ಸರಿಯಾಗಿ ಕಾಣುತ್ತಿರಲಿಲ್ಲ.

ರಾಶಿ ತೂರುವ ಲೆಕ್ಕ

ಜೋಳದ ರಾಶಿ ತೂರುವುದನ್ನು ನೋಡಿದವರಿಗೆ ಬೂದಿ ಬೀಳುವ ಪಾಠದ ಅರ್ಧ ಆಗಲೇ ಗೊತ್ತಿದೆ. ಬುಟ್ಟಿ ಎತ್ತಿ ಗಾಳಿಗೆ ಬಿಟ್ಟರೆ ಕಾಳು ಕಾಲ ಬುಡಕ್ಕೇ ಬೀಳುತ್ತದೆ, ಹೊಟ್ಟು ಸ್ವಲ್ಪ ದೂರ, ಧೂಳು ಇನ್ನೂ ದೂರ. ಈಗ ರಾಶಿ ಮಷೀನ್ ಬಂದಿದೆ, ಆದರೂ ನಿಯಮ ಅದೇ.

ಅಂಕಿಗಳಲ್ಲಿ ಹೇಳೋದಾದ್ರೆ, 1 ಮಿ.ಮೀ. ಗಾತ್ರದ ಚೂರು ಸೆಕೆಂಡಿಗೆ ಐದಾರು ಮೀಟರ್ ವೇಗದಲ್ಲಿ ಬೀಳುತ್ತದೆ, 10 ಕಿ.ಮೀ. ಎತ್ತರದಿಂದ ಅರ್ಧ ಗಂಟೆಯ ದಾರಿ. ಅದರ ಹತ್ತನೇ ಒಂದು ಭಾಗದ, ಅಂದರೆ 100 ಮೈಕ್ರಾನ್ ಗಾತ್ರದ ಚೂರಿಗೆ ಐದಾರು ಗಂಟೆ ಬೇಕು. 10 ಮೈಕ್ರಾನಿನ ಕಣಕ್ಕೋ? ಅದು ಸೆಕೆಂಡಿಗೆ ಏಳೆಂಟು ಮಿಲಿಮೀಟರ್ ಮಾತ್ರ ಇಳಿಯುತ್ತದೆ. 10 ಕಿ.ಮೀ. ಇಳಿಯಲು ಎರಡು ವಾರ. ಸಣ್ಣ ಕಣಗಳ ಲೋಕದಲ್ಲಿ ಬೀಳುವ ವೇಗ ಗಾತ್ರದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ಗಾತ್ರ ಅರ್ಧವಾದರೆ ವೇಗ ಕಾಲುಭಾಗಕ್ಕೆ ಇಳಿಯುತ್ತದೆ. ಇದನ್ನು 19ನೇ ಶತಮಾನದಲ್ಲೇ ಜಾರ್ಜ್ ಸ್ಟೋಕ್ಸ್ ಲೆಕ್ಕ ಹಾಕಿ ತೋರಿಸಿದ್ದ. ಎರಡು ವಾರದಲ್ಲಿ ಮೇಲಿನ ಗಾಳಿ ಆ ಕಣವನ್ನು ಯಾವ ದೇಶಕ್ಕೆ ಒಯ್ಯುತ್ತದೋ!

ಹೈಲಿ ಗುಬ್ಬಿಯಿಂದ ದೆಹಲಿಗೆ ನಾಲ್ಕು ಸಾವಿರ ಕಿ.ಮೀ.ಗೂ ಹೆಚ್ಚು. ಒಂದೂವರೆ ದಿನದಲ್ಲಿ ಅಷ್ಟು ದೂರ ಬಂದ ಮೇಲೂ ಮೋಡದಲ್ಲಿ ಉಳಿದಿದ್ದದ್ದು ಗಂಧಕದ ಡೈಆಕ್ಸೈಡ್ ಮತ್ತು ಅತಿ ಸಣ್ಣ ಕಣ. ದಪ್ಪ ಕಣವೆಲ್ಲ ಅಫಾರ್‌ನ ಸುತ್ತಮುತ್ತಲ ಹಳ್ಳಿಗಳಲ್ಲೇ ಇಳಿದಿತ್ತು. ಅಲ್ಲಿನ ದನಗಾಹಿಗಳ ಹುಲ್ಲುಗಾವಲು ಬೂದಿಯಡಿ ಹೋಯಿತು. ನಮ್ಮ ಟಿವಿಗಳು ದೆಹಲಿಯ ಆಕಾಶ ತೋರಿಸುತ್ತಿದ್ದಾಗ ನಿಜವಾದ ಬೂದಿ ಮಳೆ ಬಿದ್ದದ್ದು ಅವರ ಮೇಲೆ.

ಲೆಕ್ಕ ತಪ್ಪಿಸಿದ ರಿಟ್ಜ್‌ವಿಲ್

ತೂರುವ ಲೆಕ್ಕವೇ ಪೂರ್ತಿ ಸತ್ಯವಾಗಿದ್ದರೆ ಜ್ವಾಲಾಮುಖಿಯಿಂದ ದೂರ ಹೋದಂತೆಲ್ಲ ಬೂದಿಯ ಪದರ ತೆಳುವಾಗುತ್ತಲೇ ಹೋಗಬೇಕು. 1980ರ ಮೇ 18ರಂದು ಅಮೆರಿಕದ ಮೌಂಟ್ ಸೇಂಟ್ ಹೆಲೆನ್ಸ್ ಸಿಡಿದಾಗ ಹಾಗಾಗಲಿಲ್ಲ. ಸುಮಾರು 300 ಕಿ.ಮೀ. ದೂರದ ರಿಟ್ಜ್‌ವಿಲ್ ಎಂಬ ಸಣ್ಣ ಊರಿನಲ್ಲಿ, ಅದಕ್ಕಿಂತ ಎಷ್ಟೋ ಹತ್ತಿರದ ಊರುಗಳಿಗಿಂತ ದಪ್ಪ ಪದರ ಬಿತ್ತು. ಬಿದ್ದ ಬೂದಿಯೋ ತೀರ ನುಣುಪು. ಲೆಕ್ಕದ ಪ್ರಕಾರ ಅದು ದಿನಗಟ್ಟಲೆ ಗಾಳಿಯಲ್ಲೇ ಇರಬೇಕಿತ್ತು.

ಇನ್ನೂ ದೂರದ ಪುಲ್‌ಮನ್ ಎಂಬಲ್ಲಿ ಸೋರೆಮ್ ಎಂಬ ಸಂಶೋಧಕ ಬೀಳುತ್ತಿದ್ದ ಬೂದಿಯನ್ನೇ ಹಿಡಿದು ನೋಡಿದ. ಬೀಳುತ್ತಿದ್ದದ್ದು ಬಿಡಿ ಕಣ ಅಲ್ಲ, ಕಣಗಳ ಗುಪ್ಪೆ. ಕಾಲು ಮಿಲಿಮೀಟರಿನಿಂದ ಅರ್ಧ ಮಿಲಿಮೀಟರ್ ಗಾತ್ರದ, ಹತ್ತಿಯಂಥ ಸಡಿಲ ಗುಪ್ಪೆಗಳು ನೆಲ ಮುಟ್ಟಿದ ಕೂಡಲೇ ಒಡೆದು ಮತ್ತೆ ಪುಡಿಯಾಗುತ್ತಿದ್ದವು. ಬಿದ್ದ ಮೇಲೆ ಸಾಕ್ಷಿ ಇಲ್ಲ! 1982ರಲ್ಲಿ ಕೇರಿ ಮತ್ತು ಸಿಗುರ್ಡ್ಸನ್ ಎಂಬಿಬ್ಬರು ಈ ಗುಪ್ಪೆಗಳನ್ನು ಲೆಕ್ಕಕ್ಕೆ ಸೇರಿಸಿ ನೋಡಿದಾಗ ರಿಟ್ಜ್‌ವಿಲ್‌ನ ದಪ್ಪ ಪದರ ಸರಿಹೊಂದಿತು. ಜ್ವಾಲಾಮುಖಿ ವಿಜ್ಞಾನದಲ್ಲಿ ಕಣ ಉಂಡೆಗಟ್ಟುವ ಅಧ್ಯಯನ ಗಟ್ಟಿಯಾಗಿ ನೆಲೆಯೂರಿದ್ದು ಅಲ್ಲಿಂದ ಮುಂದೆ ಅನ್ನಬಹುದು.

ಅಂಟು ಎಲ್ಲಿಂದ ಬಂತು

ಗಾಜಿನ ಪುಡಿ ಗಾಜಿನ ಪುಡಿಗೆ ಯಾಕೆ ಅಂಟುತ್ತದೆ? ಮುಖ್ಯವಾಗಿ ಎರಡು ಬಗೆ.

ಒಂದು, ವಿದ್ಯುತ್ತು. ಶಿಲೆ ಒಡೆಯುವಾಗ, ಚೂರುಗಳು ಒಂದಕ್ಕೊಂದು ತಿಕ್ಕುವಾಗ ಕಣಗಳು ಚಾರ್ಜ್ ಆಗುತ್ತವೆ. ಜ್ವಾಲಾಮುಖಿಯ ಕಂಬದೊಳಗೆ ಮಿಂಚು ಹೊಡೆಯುವ ಫೋಟೊ ನೋಡಿರಬಹುದು, ಅದರ ಮೂಲ ಇದೇ. ವಿರುದ್ಧ ಚಾರ್ಜಿನ ಕಣಗಳು ಪರಸ್ಪರ ಎಳೆದುಕೊಳ್ಳುತ್ತವೆ. ಹೀಗೆ ಆಗುವ ಗುಪ್ಪೆ ಒಣಗಿದ್ದು, ಸಡಿಲವಾದದ್ದು, ಪುಲ್‌ಮನ್‌ನಲ್ಲಿ ಬಿದ್ದಂಥದ್ದು.

ಎರಡು, ನೀರು. ಇದಕ್ಕೆ ಅಡುಗೆಮನೆಯ ಉದಾಹರಣೆಯೇ ಸಾಕು. ಜೋಳದ ಹಿಟ್ಟಿನ ಪರಾತಕ್ಕೆ ನಾಲ್ಕು ಹನಿ ನೀರು ಸಿಡಿದರೆ ಅಲ್ಲಲ್ಲಿ ಸಣ್ಣ ಗಂಟು ಕಟ್ಟುತ್ತದೆ. ಎರಡು ಕಣಗಳ ನಡುವೆ ನೀರಿನ ತೆಳು ಪೊರೆ ಸೇತುವೆಯಂತೆ ನಿಂತು ಎರಡನ್ನೂ ಹತ್ತಿರ ಎಳೆಯುತ್ತದೆ. ನೀರು ಕಡಿಮೆಯಾದರೆ ಸೇತುವೆ ಇಲ್ಲ. ಹೆಚ್ಚಾದರೆ ಹಿಟ್ಟು ಅಂಬಲಿಯಾಗುತ್ತದೆ, ಬೂದಿ ಕೆಸರಿನ ಮಳೆಯಾಗುತ್ತದೆ. ನಡುವಿನ ಹದದಲ್ಲಿ ಮಾತ್ರ ಉಂಡೆ. ಜ್ವಾಲಾಮುಖಿಯ ಅನಿಲದಲ್ಲಿ ನೀರಿನ ಆವಿಯೇ ಜಾಸ್ತಿ. ಸಮುದ್ರ, ಸರೋವರ, ಹಿಮ ಇದ್ದ ಕಡೆ ಸಿಡಿದರೆ ಇನ್ನೂ ಜಾಸ್ತಿ. ಹದ ಸಿಕ್ಕಾಗ ಉಂಡೆ ಮೋಡದೊಳಗೆ ಮೇಲೆ ಕೆಳಗೆ ಸುತ್ತುತ್ತ, ಸುತ್ತಿದಂತೆಲ್ಲ ಹೊಸ ಪದರ ಬಳಿದುಕೊಳ್ಳುತ್ತ ಬೆಳೆಯುತ್ತದೆ. ಕತ್ತರಿಸಿದರೆ ಒಳಗೆ ಉಳ್ಳಾಗಡ್ಡಿಯಂತೆ ಸುತ್ತು ಸುತ್ತು. ಆ ನೀರಿನಲ್ಲಿ ಕರಗಿದ್ದ ಉಪ್ಪುಗಳು ಒಣಗುವಾಗ ಹರಳುಗಟ್ಟಿ ಸಿಮೆಂಟಿನ ಕೆಲಸ ಮಾಡುತ್ತವೆ. ಹಾಗಾಗಿ ಇಂಥ ಉಂಡೆ ಬಿದ್ದ ಮೇಲೂ ಒಡೆಯದೆ ಸಾವಿರಾರು ವರ್ಷ ಉಳಿಯುತ್ತದೆ. ಪಾಂಪೆಯನ್ನು ಮುಚ್ಚಿದ ವೆಸುವಿಯಸ್‌ನ ಪದರಗಳಲ್ಲೂ ಇವು ಸಿಗುತ್ತವೆ.

ತಣ್ಣಗಿನ ಜಾಗದಲ್ಲಿ ನೀರಿನ ಬದಲು ಮಂಜುಗಡ್ಡೆ ಈ ಕೆಲಸ ಮಾಡುತ್ತದೆ. 2009ರಲ್ಲಿ ಅಲಾಸ್ಕಾದ ರಿಡೌಟ್ ಸಿಡಿದಾಗ ಬೂದಿ ಆಲಿಕಲ್ಲಿನಂತೆ ಹೆಪ್ಪುಗಟ್ಟಿ ಬಿತ್ತು. ಅದನ್ನು ಹೆಪ್ಪುಗಟ್ಟಿದ ಹಾಗೆಯೇ ಎತ್ತಿಟ್ಟು ಪರೀಕ್ಷಿಸಿದ್ದರಿಂದ ಗೊತ್ತಾಯಿತು. ಕರಗಲು ಬಿಟ್ಟಿದ್ದರೆ ಅಲ್ಲೂ ಬರೀ ಪುಡಿ.

ಉಂಡೆಯಾದರೆ ಬೀಳುವ ವೇಗ ಎಷ್ಟು ಬದಲಾಗುತ್ತದೆ? 10 ಮೈಕ್ರಾನಿನ ಒಂಟಿ ಕಣ ಗಂಟೆಗೆ ಇಪ್ಪತ್ತೈದು-ಮೂವತ್ತು ಮೀಟರ್ ಇಳಿಯುತ್ತದೆ. ಅದೇ ಕಣ ಅರ್ಧ ಮಿಲಿಮೀಟರಿನ ಗುಪ್ಪೆಯಲ್ಲಿ ಸೇರಿದರೆ, ಗುಪ್ಪೆಯೊಳಗೆ ಗಾಳಿಯೇ ತುಂಬಿದ್ದರೂ ಕೆಲವೇ ಗಂಟೆಗಳಲ್ಲಿ ನೆಲಕ್ಕೆ ಬರುತ್ತದೆ. ಎರಡು ವಾರ ಹಾರಬೇಕಿದ್ದದ್ದು ಅದೇ ದಿನ ಬೀಳುತ್ತದೆ. ಸಿಡಿದ ಜಾಗದ ಸುತ್ತಲಿನವರಿಗೆ ಇದು ಹೆಚ್ಚು ಬೂದಿ, ದೂರದವರಿಗೆ ಕಡಿಮೆ ಬೂದಿ.

ಭೀಮೆಯ ಮೇಲ್ದಂಡೆಯಲ್ಲಿ

ಈಗ ನಮ್ಮ ನೆಲಕ್ಕೆ ಬರೋಣ. ಸುಮಾರು 74,000 ವರ್ಷಗಳ ಹಿಂದೆ ಸುಮಾತ್ರಾದ ಟೋಬಾ ಸಿಡಿಯಿತು. ಕಳೆದ ಇಪ್ಪತ್ತು ಲಕ್ಷ ವರ್ಷಗಳ ಅತಿ ದೊಡ್ಡ ಸಿಡಿತಗಳಲ್ಲಿ ಅದೂ ಒಂದು. ಅದು ಬಿಟ್ಟ ಕುಳಿಯೇ ಈಗ ಸುಮಾರು 100 ಕಿ.ಮೀ. ಉದ್ದದ ಸರೋವರ. ಆ ಬೂದಿ ಬಂಗಾಳ ಕೊಲ್ಲಿ ದಾಟಿ ಭಾರತದ ಉದ್ದಗಲಕ್ಕೂ ಬಿತ್ತು. ನಮಗೆ ಹತ್ತಿರದಲ್ಲಿ ಇದನ್ನು ಕಣ್ಣಾರೆ ನೋಡಬೇಕಂದ್ರೆ ಆಂಧ್ರದ ಹಳೆಯ ಕರ್ನೂಲು ಜಿಲ್ಲೆಯ ಜ್ವಾಲಾಪುರಂಗೆ ಹೋಗಬೇಕು. ಟೋಬಾದಿಂದ ಸುಮಾರು 2,600 ಕಿ.ಮೀ. ದೂರದ ಊರು. ಅಲ್ಲಿ ಬಿಳಿ ಬೂದಿ ಕೆಲವು ಕಡೆ ಎರಡೂವರೆ ಮೀಟರ್ ದಪ್ಪ ಇದೆ. ಪಾತ್ರೆ ತಿಕ್ಕುವ ಪುಡಿ ಮಾಡಲು ಅದನ್ನು ಅಗೆದು ಮಾರುತ್ತಿದ್ದರು. ಮೈಕೆಲ್ ಪೆಟ್ರಾಗ್ಲಿಯಾ ಜೊತೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತಿತರರು ಅಲ್ಲಿ ಉತ್ಖನನ ಮಾಡಿ, ಬೂದಿಯ ಕೆಳಗೂ ಮೇಲೂ ಒಂದೇ ಬಗೆಯ ಕಲ್ಲಿನ ಆಯುಧಗಳು ಸಿಕ್ಕಿದ್ದನ್ನು 2007ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಟೋಬಾದಿಂದ ಮನುಕುಲವೇ ಅಳಿವಿನಂಚಿಗೆ ಹೋಯಿತು ಎಂಬ ವಾದಕ್ಕೆ ಅದು ದೊಡ್ಡ ಪೆಟ್ಟು ಕೊಟ್ಟಿತು.

ಆದರೆ ಎರಡೂವರೆ ಮೀಟರ್ ಅಂದಾಗ ಎಚ್ಚರ ಬೇಕು. ಆಕಾಶದಿಂದ ನೇರ ಬಿದ್ದ ಪದರ ಅಲ್ಲಿ ಕೆಲವೇ ಸೆಂಟಿಮೀಟರ್. ಉಳಿದದ್ದು ಆಮೇಲೆ ಮಳೆ ನೀರು ಗುಡ್ಡಗಳ ಮೇಲಿಂದ ತೊಳೆದು ತಂದು ತಗ್ಗಿನಲ್ಲಿ ಪೇರಿಸಿದ್ದು. ದಪ್ಪ ನೋಡಿ ಸಿಡಿತದ ಭೀಕರತೆ ಅಳೆಯುವ ಯೂಟ್ಯೂಬ್ ವಿಡಿಯೊಗಳು ಈ ವ್ಯತ್ಯಾಸವನ್ನು ನುಂಗಿಬಿಡುತ್ತವೆ. ಟೋಬಾದ ಬೂದಿ ನಮ್ಮ ಮೇಲೆ ಗುಪ್ಪೆಯಾಗಿ ಬಿತ್ತೋ ಬಿಡಿಯಾಗಿ ಬಿತ್ತೋ ಎಂಬುದನ್ನು ಪದರ ನೋಡಿ ಹೇಳುವುದೂ ಸುಲಭವಲ್ಲ. ಸಡಿಲ ಗುಪ್ಪೆಗಳು ಬಿದ್ದ ಕೂಡಲೇ ಒಡೆಯುತ್ತವಲ್ಲ, ಅದಕ್ಕೆ.

ಚಡಚಣಕ್ಕೆ ಇನ್ನೂ ಹತ್ತಿರದ ನಂಟು ಭೀಮಾ ನದಿಯದು. ಪುಣೆ ಜಿಲ್ಲೆಯ ಕುಕಡಿ ನದಿಯ ದಂಡೆಯಲ್ಲಿ ಬೋರಿ ಎಂಬ ಊರಿದೆ, ಕಾರ್ಹಾ ದಂಡೆಯಲ್ಲಿ ಮೋರಗಾಂವ್. ಎರಡೂ ಕಡೆ ಜ್ವಾಲಾಮುಖಿ ಬೂದಿಯ ಪದರ ಸಿಕ್ಕಿದೆ. ಕುಕಡಿ ಘೋಡ್ ನದಿಯ ಮೂಲಕ, ಕಾರ್ಹಾ ನೀರಾ ನದಿಯ ಮೂಲಕ ಭೀಮೆಗೆ ಸೇರುತ್ತವೆ. ಅದೇ ಭೀಮೆ ಮುಂದೆ ನಮ್ಮ ತಾಲ್ಲೂಕಿನ ಧೂಳಖೇಡದ ಬದಿ ಹರಿಯುತ್ತದೆ. ಬೋರಿಯ ಬೂದಿಯ ವಯಸ್ಸು ಮಾತ್ರ ದೊಡ್ಡ ಜಗಳ. 1980ರ ದಶಕದ ಕೊನೆಗೆ ಅದನ್ನು ಸುಮಾರು 14 ಲಕ್ಷ ವರ್ಷ ಹಳೆಯದು ಅಂದರು. 1998ರಲ್ಲಿ ವೆಸ್ಟ್‌ಗೇಟ್ ಮತ್ತು ಸಂಗಡಿಗರು ಗಾಜಿನ ರಾಸಾಯನಿಕ ಗುರುತು ನೋಡಿ, ಭಾರತದ ಈ ಬೂದಿಯೆಲ್ಲ 75,000 ವರ್ಷದ ಆಸುಪಾಸಿನ ಅದೇ ಟೋಬಾದ್ದು ಅಂದರು. ವಾದ ಅಲ್ಲಿಗೂ ನಿಲ್ಲಲಿಲ್ಲ. ಜಗಳ ಯಾಕೆ ಮುಖ್ಯ ಅಂದ್ರೆ, ಆ ಪದರದ ಜೊತೆ ಸಿಕ್ಕ ಕೈಗೊಡಲಿಗಳ ವಯಸ್ಸು ಅದರ ಮೇಲೆ ನಿಂತಿದೆ.

ಇಲ್ಲೊಂದು ಗೊಂದಲವನ್ನೂ ಬಿಡಿಸಿಬಿಡುತ್ತೇನೆ. ನಮ್ಮ ಎರೆ ಹೊಲ ಬೂದಿಯಿಂದ ಆದದ್ದು ಅಂತ ಊರಲ್ಲಿ ಅನೇಕರು ನಂಬುತ್ತಾರೆ. ಅಲ್ಲ. ಇಂಡಿ, ಚಡಚಣ, ಸಿಂದಗಿಯ ಕೆಳಗಿರುವ ಕಪ್ಪು ಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹೊಳೆಯಂತೆ ಹರಿದ ಲಾವಾ. ಆ ಕಲ್ಲು ಕೊಳೆತು ಆದದ್ದು ಎರೆ ಮಣ್ಣು. ದಖ್ಖನ್ನಿನ ಲಾವಾ ತೆಳ್ಳಗಿದ್ದು ಸುಲಭವಾಗಿ ಹರಿಯುತ್ತಿದ್ದರಿಂದ ಆಕಾಶಕ್ಕೆ ಸಿಡಿದದ್ದು ಕಡಿಮೆ. ಎರಡು ಲಾವಾ ಪದರಗಳ ನಡುವೆ ಕೆಲವು ಕಡೆ ಇಟ್ಟಿಗೆ ಬಣ್ಣದ ತೆಳು ಪದರ ಕಾಣುತ್ತದೆ. ಅವುಗಳಲ್ಲಿ ಹೆಚ್ಚಿನವು ಕೊಳೆತ ಲಾವಾ, ಕೆಲವು ಬೂದಿಯೇ ಇರಬಹುದು ಅನ್ನುವ ಸಂಶೋಧಕರೂ ಇದ್ದಾರೆ.

ಒಂದು ಅಂಕಿಯ ರಾಜಕೀಯ

2010ರ ಏಪ್ರಿಲ್‌ನಲ್ಲಿ ಐಸ್‌ಲ್ಯಾಂಡಿನ ಎಯ್ಯಾಫ್ಯಾಟ್ಲಯೋಕುಟ್ಲ್ ಸಿಡಿದಾಗ (ಹೆಸರು ಒಂದೇ ಉಸಿರಿಗೆ ಹೇಳಿದವರಿಗೆ ನಮಸ್ಕಾರ) ಯುರೋಪಿನಲ್ಲಿ ಸುಮಾರು 1 ಲಕ್ಷ ವಿಮಾನಗಳು ರದ್ದಾದವು, ಸುಮಾರು 1 ಕೋಟಿ ಪ್ರಯಾಣಿಕರು ಸಿಕ್ಕಿಬಿದ್ದರು. ಅಲ್ಲಿಯವರೆಗೆ ನಿಯಮ ಸರಳ ಇತ್ತು: ಬೂದಿ ಕಂಡರೆ ಹಾರಬೇಡಿ. ಕಂಪನಿಗಳ ನಷ್ಟ ಏರತೊಡಗಿದ ಮೇಲೆ ಒಂದು ಘನ ಮೀಟರ್ ಗಾಳಿಯಲ್ಲಿ ಎಷ್ಟು ಮಿಲಿಗ್ರಾಂ ಬೂದಿಯವರೆಗೆ ಹಾರಬಹುದು ಎಂಬ ಮಿತಿ ಬಂತು. ಬ್ರಿಟನ್ನಿನಲ್ಲಿ ತಿಂಗಳೊಳಗೆ ಅದು 2ರಿಂದ 4 ಮಿಲಿಗ್ರಾಂಗೆ ಏರಿತು. ಎಂಜಿನ್ ಕಂಪನಿಗಳ ಒಪ್ಪಿಗೆ ಪಡೆದೇ ಏರಿಸಿದ್ದು ನಿಜ. ಆದರೆ ಬಿಕ್ಕಟ್ಟಿನ ನಡುವೆ, ಒತ್ತಡದಲ್ಲಿ ಸುರಕ್ಷತೆಯ ಗೆರೆ ಸರಿಯುವುದನ್ನು ಜಗತ್ತು ನೇರ ಪ್ರಸಾರದಲ್ಲಿ ನೋಡಿತು.

ಆ ಗಾಳಿಯಲ್ಲಿ ಎಷ್ಟು ಮಿಲಿಗ್ರಾಂ ಇದೆ ಅಂತ ಹೇಳುವವರು ಯಾರು? ಜಗತ್ತಿನಲ್ಲಿ ಇದಕ್ಕೆ ಒಂಬತ್ತು ಕೇಂದ್ರಗಳಿವೆ, ಹೈಲಿ ಗುಬ್ಬಿಯ ಎಚ್ಚರಿಕೆ ಕೊಟ್ಟದ್ದು ಫ್ರಾನ್ಸಿನ ಟುಲೂಸ್ ಕೇಂದ್ರ. ಕಂಪ್ಯೂಟರ್ ಮಾದರಿಗಳಲ್ಲಿ ಉಂಡೆಗಟ್ಟುವ ಭೌತಶಾಸ್ತ್ರವನ್ನೆಲ್ಲ ಗಂಟೆಗಳೊಳಗೆ ಲೆಕ್ಕ ಹಾಕುವುದು ಕಷ್ಟ. ಆದ್ದರಿಂದ ಲಂಡನ್ ಕೇಂದ್ರ ಬಳಸುತ್ತ ಬಂದ ಉಪಾಯ ಒಂದು ಅಂಕಿ: ಸಿಡಿದ ಒಟ್ಟು ಬೂದಿಯಲ್ಲಿ ದೂರ ಹಾರುವುದು ಸಾಮಾನ್ಯವಾಗಿ ಶೇ 5 ಎಂಬ ಊಹೆ. ಉಳಿದ ಶೇ 95 ಹತ್ತಿರದಲ್ಲೇ ಬಿತ್ತು, ಅರ್ಧ ತೂಕದಿಂದ ಅರ್ಧ ಉಂಡೆಗಟ್ಟಿ, ಅಂತ ಬಿಟ್ಟುಬಿಡುವುದು. ನಿಜದಲ್ಲಿ ಆ ಪಾಲು ಸಿಡಿತದಿಂದ ಸಿಡಿತಕ್ಕೆ ಬದಲಾಗುತ್ತದೆ. ಐಸ್‌ಲ್ಯಾಂಡಿನಲ್ಲಿ ಜ್ವಾಲಾಮುಖಿಯಿಂದ ಏಳು ಕಿ.ಮೀ. ದೂರದಲ್ಲಿ ಹೈಸ್ಪೀಡ್ ಕ್ಯಾಮೆರಾ ಇಟ್ಟು ನೋಡಿದವರಿಗೆ ನುಣುಪು ಬೂದಿ ಬಹುಪಾಲು ಗುಪ್ಪೆಗಳಾಗಿಯೇ ಬೀಳುವುದು ಕಂಡಿತು. ಶೇ 5 ಬದಲು ಶೇ 1 ಅಥವಾ ಶೇ 10 ಹಾಕಿದರೆ ನಕ್ಷೆಯ ಮೇಲೆ ಅಪಾಯದ ಬಣ್ಣ ಬಳಿದ ಪ್ರದೇಶವೇ ಬದಲಾಗುತ್ತದೆ. ಆ ಅಂಕಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ತುರ್ತಿನಲ್ಲಿ ಇಂಥ ಒಂದು ಅಂಕಿ ಬೇಕೇ ಬೇಕು. ಅದು ಊಹೆ ಎಂಬುದು ನಕ್ಷೆ ನೋಡುವವರಿಗೆ ಗೊತ್ತಿರಬೇಕು ಅಷ್ಟೇ.

ಕೂಡಗಿಯ ಬೂದಿ

ನಮ್ಮ ಜಿಲ್ಲೆಗೆ ದಿನವೂ ಸಂಬಂಧಪಟ್ಟ ಬೂದಿ ಇಥಿಯೋಪಿಯಾದ್ದಲ್ಲ. ಬಸವನ ಬಾಗೇವಾಡಿ ಭಾಗದ ಕೂಡಗಿಯಲ್ಲಿ ಎನ್‌ಟಿಪಿಸಿಯ 2,400 ಮೆಗಾವಾಟ್ ಸ್ಥಾವರ ಇದೆ, 800ರ ಮೂರು ಘಟಕ. 2014ರ ಜುಲೈನಲ್ಲಿ ಅದನ್ನು ವಿರೋಧಿಸಿದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದ್ದು ನೆನಪಿರಬಹುದು. ಭಾರತದ ಕಲ್ಲಿದ್ದಲಿನಲ್ಲಿ ಸರಿಸುಮಾರು ಮೂರನೇ ಒಂದು ಭಾಗ ಬೂದಿಯೇ. ಅದರ ಹಾರುಬೂದಿ ಸಹ ಬಹುಪಾಲು ಗಾಜು, ಗಾತ್ರವೂ ಜ್ವಾಲಾಮುಖಿಯ ನುಣುಪು ಬೂದಿಯ ಆಸುಪಾಸು. ಆಕಾರ ಮಾತ್ರ ದುಂಡಗೆ.

ಚಿಮಣಿಗೆ ಮೊದಲು ಅದನ್ನು ಹಿಡಿಯುವ ಯಂತ್ರ ಮಾಡುವುದೂ ಮೇಲೆ ಹೇಳಿದ ಕೆಲಸವನ್ನೇ. ಕಣಗಳಿಗೆ ವಿದ್ಯುತ್ ಚಾರ್ಜ್ ಕೊಟ್ಟು ಲೋಹದ ತಟ್ಟೆಗಳ ಮೇಲೆ ಪದರವಾಗಿ ಕೂರಿಸುವುದು, ಆಮೇಲೆ ತಟ್ಟೆಗೆ ಸುತ್ತಿಗೆಯಿಂದ ಬಡಿದು ಹೆಪ್ಪು ಹೆಪ್ಪಾಗಿ ಕೆಳಗೆ ಬೀಳಿಸುವುದು. ಹೆಪ್ಪಾಗಿ ಬಿದ್ದರೆ ಕೆಳಗಿನ ಹಾಪರ್‌ಗೆ ಸೇರುತ್ತದೆ. ಬಡಿದಾಗ ಪುಡಿಯಾದರೆ ಒಂದಷ್ಟು ಮತ್ತೆ ಗಾಳಿಯೊಂದಿಗೆ ಚಿಮಣಿಗೆ ಹೋಗುತ್ತದೆ. ಬೂದಿ ಹೊಂಡದಲ್ಲಿ ಕೆಲಸ ಮಾಡುವುದು ನೀರಿನ ಸೇತುವೆ. ಒದ್ದೆ ಇರುವಷ್ಟು ದಿನ ಕಣ ಕಣವನ್ನು ಹಿಡಿದಿರುತ್ತದೆ. ಏಪ್ರಿಲ್-ಮೇ ಬಿಸಿಲಿಗೆ ಮೇಲ್ಪದರ ಒಣಗಿದರೆ ಸೇತುವೆ ಕಡಿದು, ಸಂಜೆಯ ಗಾಳಿಗೆ ಏಳುತ್ತದೆ. ಇದು ಯಾವುದೇ ಸ್ಥಾವರದ ಯಾವುದೇ ಹೊಂಡಕ್ಕೂ ಅನ್ವಯ.

ಕೇಂದ್ರ ಪರಿಸರ ಸಚಿವಾಲಯದ 2021ರ ಡಿಸೆಂಬರ್ 31ರ ಅಧಿಸೂಚನೆ ಸ್ಥಾವರಗಳು ಬೂದಿಯನ್ನು ಪೂರ್ತಿ ಬಳಕೆಗೆ ಕೊಡಬೇಕು ಅನ್ನುತ್ತದೆ. ಇಟ್ಟಿಗೆ, ಸಿಮೆಂಟು, ರಸ್ತೆ. ಬಳಕೆಯ ಶೇಕಡಾವಾರು ವರದಿಯಲ್ಲಿ ಚಂದ ಕಾಣುತ್ತದೆ. ಆದರೆ ಹೊಲದ ಮೇಲೆ ಏನು ಬೀಳುತ್ತದೆ ಎಂಬುದನ್ನು ಆ ಶೇಕಡಾವಾರು ಹೇಳುವುದಿಲ್ಲ. ಅದಕ್ಕೆ ಬೇರೆ ಪ್ರಶ್ನೆ ಕೇಳಬೇಕು: ಗಾಳಿ ಅಳೆಯುವ ಯಂತ್ರ ಹೊಂಡದ ಯಾವ ದಿಕ್ಕಿಗಿದೆ, ಬೇಸಿಗೆಯ ಗಾಳಿ ಆ ಕಡೆ ಬೀಸುತ್ತದೆಯೇ? 24 ಗಂಟೆಯ ಸರಾಸರಿ ಮಾತ್ರ ಕೊಡುತ್ತಾರೋ, ಗಂಟೆ ಗಂಟೆಯ ಅಂಕಿ ಕೊಡುತ್ತಾರೋ? ನಮ್ಮ ರಾಷ್ಟ್ರೀಯ ಮಾನದಂಡದ ಪ್ರಕಾರ ಪಿಎಂ 10ರ 24 ಗಂಟೆಯ ಸರಾಸರಿ ಘನ ಮೀಟರಿಗೆ 100 ಮೈಕ್ರೊಗ್ರಾಂ, ಪಿಎಂ 2.5ರದ್ದು 60. ಸಂಜೆ ಎರಡು ತಾಸು ಧೂಳೆದ್ದು ಉಳಿದ ಹೊತ್ತು ಗಾಳಿ ಶುದ್ಧವಿದ್ದರೆ ಸರಾಸರಿ ಪಾಸಾಗಬಹುದು, ಆ ಎರಡು ತಾಸು ಹೊಲದಲ್ಲಿದ್ದವರ ಎದೆ ಪಾಸಾಗುವುದಿಲ್ಲ. ಹೊಂಡದ ಮೇಲೆ ನೀರು ಸಿಂಪಡಿಸಿದ ದಾಖಲೆ ಮೇ ತಿಂಗಳದ್ದು ಇದೆಯೇ, ಆಗಸ್ಟಿನದ್ದು ಮಾತ್ರವೇ?

2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದಿಂದ ಸೇರಿದ ನಗರಗಳು ಬೆಂಗಳೂರು, ದಾವಣಗೆರೆ, ಕಲಬುರಗಿ, ಹುಬ್ಬಳ್ಳಿ-ಧಾರವಾಡ. ವಿಜಯಪುರ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಈ ಪ್ರಶ್ನೆಗಳನ್ನು ಸದ್ಯಕ್ಕೆ ಕೇಳಬೇಕಾದದ್ದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯನ್ನು, ಮಾಹಿತಿ ಹಕ್ಕಿನ ಹತ್ತು ರೂಪಾಯಿಯ ಅರ್ಜಿಯಲ್ಲಿ.